ಸೊಲ್ಲು ಹಿಡಿದ ಲ್ಯಾಪ್‌ಟಾಪ್

ತಡವಾಗುವುದನ್ನು ನಮ್ಮ ಕಡೆಯ ಜನ ತಪ್ಪೆಂದು ಎಣಿಸುವುದಿಲ್ಲ. ಯಸಳೂರಿನ ಬಸ್ಸು ತಡವಾಗಿ ಬಂದರೆ, ಸದ್ಯ ಬಂತಲ್ಲ ಎಂದು ಹತ್ತುತ್ತಾರೆ. ಮದುವೆಗೆ ಹೊರಟವರು ಮುಹೂರ್ತ ಮುಗಿದ ಮೇಲೆ ತಲುಪಿದರೆ, ಸರಿಯಾಗಿ ಊಟದ ಹೊತ್ತಿಗೆ ಬಂದಿರಿ ಎಂದು ಉಪಚರಿಸುತ್ತಾರೆ. ನಾಳೆ ಬರುತ್ತೇನೆ ಎಂದ ಗಾರೆ ಕೆಲಸದವನು ಮುಂದಿನ ವಾರ ಬಂದರೆ ಕಾಫಿ ಕೊಟ್ಟು ಕೂರಿಸುತ್ತಾರೆ. ಇಂಥ ಸೀಮೆಯಲ್ಲಿ ಹುಟ್ಟಿ ಬೆಳೆದೂ ತಡವನ್ನು ಸಹಿಸಲಾರದವಳು ಬಹುಶಃ ನಾನೊಬ್ಬಳೇ. ಮಗ್ಗೆಯ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಮಕ್ಕಳನ್ನು ಪ್ರಶ್ನೆ ಕೇಳಿ, ಅವರು ಬಾಯಿ ತೆರೆಯುವಷ್ಟರಲ್ಲಿ ಉತ್ತರವನ್ನೂ ನಾನೇ ಹೇಳಿಬಿಡುತ್ತೇನೆ. ಹಾಲು ಉಕ್ಕುವ ಮೊದಲೇ ಇಳಿಸುತ್ತೇನೆ, ಕುಕ್ಕರು ಕೂಗುವ ಮೊದಲೇ ಬೈಯುತ್ತೇನೆ. ಅಂಥ ನನ್ನ ಪಾಲಿಗೆ, ಕಣ್ಣು ಮಿಟುಕಿಸಿ ತೆರೆಯುವಷ್ಟು ಚಿಕ್ಕದೊಂದು ತಡ ಈ ಸಲದ ಬೇಸಿಗೆ ರಜೆಯನ್ನೆಲ್ಲ ನುಂಗಿ ಹಾಕಿತು. ಆದರೂ ಗೆದ್ದವಳು ನಾನೇ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಕಾಯಲು ನನ್ನಿಂದ ಆಗುವುದಿಲ್ಲ.

ನನ್ನ ಅತ್ತೆ ಸೋಬಾನೆ ಹಾಡುವವರು. ಮದುವೆಯ ಒಂದೊಂದು ಶಾಸ್ತ್ರಕ್ಕೂ ಅವರ ಬಾಯಲ್ಲಿ ಒಂದೊಂದು ಪದವಿದೆ. ಚಪ್ಪರಕ್ಕೆ ಬೇರೆ, ಅರಿಶಿನಕ್ಕೆ ಬೇರೆ, ಬಳೆ ತೊಡಿಸಲು ಬೇರೆ, ಆರತಿಗೆ ಬೇರೆ, ಹೆಣ್ಣು ಒಪ್ಪಿಸುವಾಗ ಎಲ್ಲರನ್ನೂ ಅಳಿಸಲು ಇನ್ನೊಂದು. ಈ ಪದಗಳನ್ನು ಒಬ್ಬರೇ ಹಾಡುವ ಪದ್ಧತಿಯಿಲ್ಲ. ಒಬ್ಬರು ಸೊಲ್ಲು ಎತ್ತಿಕೊಟ್ಟರೆ, ಎಂದರೆ ಒಂದು ಸಾಲು ಹೇಳಿದರೆ, ಇನ್ನೊಬ್ಬರು ಅದೇ ಸಾಲನ್ನು ಹಿಂದಿನಿಂದ ಹಿಡಿದು ಹೇಳಬೇಕು. ಆ ಹೊತ್ತಿನಲ್ಲಿ ಮೊದಲಿನವರು ಉಸಿರು ಎಳೆದುಕೊಳ್ಳುತ್ತಾರೆ, ಮುಂದಿನ ಸಾಲನ್ನು ನೆನಪು ಮಾಡಿಕೊಳ್ಳುತ್ತಾರೆ, ಗಂಡಿನ ಕಡೆಯ ಹೆಂಗಸರು ಎಂಥ ಸೀರೆ ಉಟ್ಟುಕೊಂಡು ಬಂದಿದ್ದಾರೆ ಎಂದೂ ನೋಡಿಕೊಳ್ಳುತ್ತಾರೆ. ಅತ್ತೆಗೆ ಸೊಲ್ಲು ಹಿಡಿಯುತ್ತಿದ್ದವರು ಪಕ್ಕದ ಮನೆಯ ತಾಯಮ್ಮ. ಬಾಯಲ್ಲಿ ಯಾವಾಗಲೂ ಎಲೆ ಅಡಿಕೆ ಇರುತ್ತಿದ್ದುದರಿಂದ ಅವರು ಸಾಲನ್ನು ಪೂರ್ತಿ ಹೇಳುತ್ತಿದ್ದುದು ಕಡಿಮೆ. ಅತ್ತೆಯ ಸಾಲಿನ ಬಾಲವನ್ನಷ್ಟೇ ಹಿಡಿದು ಎಳೆದುಬಿಡುತ್ತಿದ್ದರು. ಇಬ್ಬರೂ ಸೇರಿ ಆಲೂರು, ಸಕಲೇಶಪುರದ ಸುತ್ತಿನ ಮದುವೆಗಳಲ್ಲಿ ಹಾಡಿದ್ದಕ್ಕೆ ಲೆಕ್ಕವಿಲ್ಲ. ತಾಯಮ್ಮ ತೀರಿಕೊಂಡ ಮೇಲೆ ಅತ್ತೆ ಮದುವೆಗಳಿಗೆ ಹೋಗುತ್ತಿದ್ದರು, ಉಣ್ಣುತ್ತಿದ್ದರು, ಬರುತ್ತಿದ್ದರು. ಹಾಡುತ್ತಿರಲಿಲ್ಲ. ಯಾರಾದರೂ ಕೇಳಿದರೆ ಗಂಟಲು ಸರಿಯಿಲ್ಲ ಎನ್ನುತ್ತಿದ್ದರು. ಅದೇ ಗಂಟಲಿನಿಂದ ಹಿತ್ತಲಿನಲ್ಲಿ ನಿಂತು ರಸ್ತೆಯಲ್ಲಿ ಹೋಗುವ ಮೀನಿನವನನ್ನು ನಿಲ್ಲಿಸುತ್ತಿದ್ದರು.

ಹೀಗಿರುವಾಗ ನನ್ನ ನಾದಿನಿಯ ಮಗಳು ರಮ್ಯಾಳ ಮದುವೆ ಗೊತ್ತಾಯಿತು. ಸಕಲೇಶಪುರದ ಕಲ್ಯಾಣ ಮಂಟಪ, ಮೇ ತಿಂಗಳು. ರಮ್ಯಾ ಫೋನಿನಲ್ಲಿ ಅಜ್ಜಿಗೆ ಒಂದೇ ಮಾತು ಹೇಳಿದಳು. ನನ್ನ ಆರತಿಗೆ ನೀನು ಪದ ಹೇಳದಿದ್ದರೆ ನಾನು ಹಸೆಮಣೆಯಿಂದ ಏಳುವುದಿಲ್ಲ ಎಂದು. ಫೋನಿಟ್ಟ ಅತ್ತೆ ಜಗಲಿಯ ಮೇಲೆ ಹೋಗಿ ಕುಳಿತರು. ನಾನು ಕಾಫಿ ಕೊಡಲು ಹೋದಾಗ, "ಸೊಲ್ಲು ಹಿಡಿಯೋರಿಲ್ದೆ ಎಂಗವ್ವ ಹೇಳ್ಲಿ? ಉಸ್ರು ಸಾಲಾಕಿಲ್ಲ" ಎಂದರು. ಅವರ ಮುಖ ನೋಡಿದೆ. ಮೊಮ್ಮಗಳ ಮದುವೆಯಲ್ಲಿ ಹಾಡಲಾಗದಿದ್ದರೆ ಈಕೆ ಇನ್ನೆಂದೂ ಹಾಡುವುದಿಲ್ಲ ಎಂದು ಗೊತ್ತಾಯಿತು.

ನಾನೇ ಸೊಲ್ಲು ಹಿಡಿಯುತ್ತೇನೆ ಎಂದೆ. ಅತ್ತೆ ಅನುಮಾನದಿಂದಲೇ ಒಪ್ಪಿದರು. ಆದರೆ ನನ್ನ ಸ್ವಭಾವ ಎಲ್ಲಿ ಹೋಗಬೇಕು? ಅವರು ಸಾಲಿನ ಅರ್ಧದಲ್ಲಿರುವಾಗಲೇ ನಾನು ಶುರು ಮಾಡಿ, ಅವರಿಗಿಂತ ಮೊದಲೇ ಮುಗಿಸಿ, ಮುಂದಿನದು ಯಾವುದು ಎಂದು ಅವರ ಮುಖ ನೋಡುತ್ತಿದ್ದೆ. ಸ್ವಲ್ಪ ಹೊತ್ತು ತಡೆದುಕೊಂಡ ಅತ್ತೆ, "ನೀನು ಸೊಲ್ಲು ಹಿಡಿಯೋದಲ್ಲ ಕಣವ್ವ, ಅಟ್ಟುಸ್ಕಂಡು ಬತ್ತೀಯ" ಎಂದು ಎದ್ದು ಹೋದರು. ಬೀದಿಯ ಬೇರೆ ಹೆಣ್ಣುಮಕ್ಕಳನ್ನು ಕೇಳಿದ್ದಾಯಿತು. ಹಿಂದಿನಿಂದ ಹೇಳುವುದಕ್ಕೆ ನಾಚಿಕೆ ಎಂದು ಎಲ್ಲರೂ ಜಾರಿಕೊಂಡರು. ರೀಲ್ಸಿನಲ್ಲಿ ಮುಂದಿನಿಂದ ಕುಣಿಯುವುದಕ್ಕೆ ಇವರಲ್ಲಿ ಯಾರಿಗೂ ನಾಚಿಕೆಯಿಲ್ಲ.

ಆಗ ನನಗೆ ಲ್ಯಾಪ್‌ಟಾಪಿನ ನೆನಪಾಯಿತು. ಆನ್‌ಲೈನ್ ಪಾಠದ ಕಾಲದಲ್ಲಿ ಕೊಂಡದ್ದು, ಈಗ ಅಂಕಪಟ್ಟಿ ಮಾಡುವುದಕ್ಕೆ ಬಿಟ್ಟರೆ ಬೇರೆ ಕೆಲಸವಿಲ್ಲದೆ ಕುಳಿತಿತ್ತು. ಅತ್ತೆಯ ದನಿಯನ್ನು ಅದರಲ್ಲಿ ಹಿಡಿದಿಟ್ಟು, ಅದರ ಮೇಲೆ ಮತ್ತೆ ಅವರಿಂದಲೇ ಹೇಳಿಸಿ, ಮತ್ತೊಮ್ಮೆ ಹೇಳಿಸಿ, ಒಬ್ಬ ಅತ್ತೆಯಿಂದ ಒಂದು ಗುಂಪು ಅತ್ತೆಯರನ್ನು ಮಾಡಿಬಿಡುವುದು ನನ್ನ ಉಪಾಯ. ಯಾವ ಸೊಸೆಯೂ ಬುದ್ಧಿ ನೆಟ್ಟಗಿರುವಾಗ ಯೋಚಿಸುವ ಉಪಾಯವಲ್ಲ. ಮೈಕು ತರಿಸಿದೆ, ಹೆಡ್‌ಫೋನು ತರಿಸಿದೆ. ಅತ್ತೆಯ ತುರುಬಿಗೆ ಅಡ್ಡವಾಗದಂತೆ ಹೆಡ್‌ಫೋನನ್ನು ಸೆರಗಿನ ಮೇಲೆಯೇ ಕೂರಿಸಿ, ಹೇಳಿ ಎಂದೆ. ಅವರು ಸೊಲ್ಲೆತ್ತಿದರು. ತಿರುಗಿ ಹಾಕಿ ಕೇಳಿದರೆ, ಪದದ ತುಂಬ ಚಟಪಟ, ಚಟಪಟ. ಒಳಗಿದ್ದ ನಮ್ಮ ಯಜಮಾನರು, ಒಗ್ಗರಣೆಗೆ ಸಾಸಿವೆ ಹೆಚ್ಚಾಯಿತು ಎಂದು ಕೂಗಿ ಹೇಳಿದರು. ಒಲೆಯ ಮೇಲೆ ಏನೂ ಇರಲಿಲ್ಲ.

ಇಂಟರ್‌ನೆಟ್ಟಿನಲ್ಲಿ ಹುಡುಕಿದಾಗ ವಿಷಯ ಸ್ವಲ್ಪ ತಿಳಿಯಿತು. ಕಂಪ್ಯೂಟರು ದನಿಯನ್ನು ಹನಿಹನಿಯಾಗಿ ಸಾಗಿಸುವುದಿಲ್ಲ, ಬಿಂದಿಗೆಯಲ್ಲಿ ತುಂಬಿಸಿ ಸಾಗಿಸುತ್ತದೆ. ಬಿಂದಿಗೆ ಚಿಕ್ಕದಿದ್ದರೆ ದನಿ ಬೇಗ ಬರುತ್ತದೆ, ಆದರೆ ಸ್ವಲ್ಪ ಅಡಚಣೆಯಾದರೂ ತುಳುಕಿ ಚಟಪಟ ಎನ್ನುತ್ತದೆ. ಬಿಂದಿಗೆ ದೊಡ್ಡದಿದ್ದರೆ ಸದ್ದು ಕಡಿಮೆ, ಆದರೆ ತುಂಬುವವರೆಗೆ ಕಾಯಬೇಕು, ಅಷ್ಟು ತಡ. ದೊಡ್ಡ ಬಿಂದಿಗೆ ಇಟ್ಟೆ. ಚಟಪಟ ಪೂರ್ತಿ ಹೋಗಲಿಲ್ಲವಾದರೂ ಎಷ್ಟೋ ಇಳಿಯಿತು. ಆದರೆ ಅತ್ತೆ ಹಾಡಿದ್ದು ಅವರದೇ ಕಿವಿಗೆ ಒಂದಿಷ್ಟು ಹಿಂದಿನಿಂದ ಬರತೊಡಗಿತು. ನಾನೂ ಹೆಡ್‌ಫೋನು ಹಾಕಿಕೊಂಡು 'ಹಲೋ' ಎಂದೆ. ನಾನು ಬಾಯಿ ಮುಚ್ಚಿದ ಮೇಲೆ ಯಾರೋ ನನ್ನ ಹಾಗೆಯೇ 'ಹಲೋ' ಎಂದು ಅಣಕಿಸಿದರು. ಮೈಯೆಲ್ಲ ಉರಿಯಿತು. ಈ ಹಿಂಸೆಯಲ್ಲಿ ಅತ್ತೆ ಹೇಗೆ ಹಾಡಿಯಾರು ಎಂದುಕೊಂಡರೆ, ಅವರು ಕಣ್ಣು ಮುಚ್ಚಿಕೊಂಡು, ನಡುನಡುವೆ ನಿಂತು, ತಲೆದೂಗುತ್ತ ಇಡೀ ಮಧ್ಯಾಹ್ನ ಹಾಡಿದರು. ಪಾಪ, ಸೊಸೆಗೆ ಬೇಜಾರಾಗದಿರಲಿ ಎಂದು ಸಹಿಸಿಕೊಂಡಿದ್ದಾರೆ ಎಂದು ನನ್ನ ಕಣ್ಣಲ್ಲಿ ನೀರು ಬಂತು. ಈ ತಡವನ್ನು ಬುಡಸಮೇತ ಕಿತ್ತು ಹಾಕುತ್ತೇನೆ ಎಂದು ಅಲ್ಲೇ ನಿರ್ಧರಿಸಿದೆ.

ಹಾಸನದ ಒಂದು ಅಂಗಡಿಗೆ ಹೊತ್ತುಕೊಂಡು ಹೋದೆ. ಅಲ್ಲಿಯವರು ಲ್ಯಾಪ್‌ಟಾಪನ್ನು ತಿರುಗಿಸಿ ಮುರುಗಿಸಿ ನೋಡಿ, ಹಳತಾಯಿತು ಮೇಡಂ, ಹೊಸದು ತಗೊಳ್ಳಿ ಎಂದರು. ನನಗೂ ವಯಸ್ಸಾಗಿದೆ, ನನ್ನ ಬದಲಿಗೆ ಯಾರೂ ಹೊಸಬಳನ್ನು ತಂದಿಲ್ಲ ಎಂದು ಹೇಳಿ ಬಂದೆ. ಇನ್ನು ಉಳಿದದ್ದು ನಮ್ಮ ಯಜಮಾನರ ಪಂಪ್‌ಸೆಟ್ಟಿನ ವಿದ್ಯೆ. ತೋಟದ ಮೋಟಾರು ಮನೆಯಲ್ಲಿ ಫ್ಯೂಸು ಹಾರಿದರೆ ಅವರು ಯಾರನ್ನೂ ಕರೆಯುವುದಿಲ್ಲ. ಒಂದೊಂದೇ ಲೈನನ್ನು ಬಿಡಿಸುತ್ತ ಹೋಗುತ್ತಾರೆ. ಯಾವುದನ್ನು ಬಿಡಿಸಿದಾಗ ಫ್ಯೂಸು ನಿಲ್ಲುತ್ತದೋ ಅದರಲ್ಲೇ ದೋಷ. ಕಂಪ್ಯೂಟರಿನಲ್ಲಿಯೂ ಡಿವೈಸ್ ಮ್ಯಾನೇಜರ್ ಎಂಬ ಒಂದು ಮೋಟಾರು ಮನೆಯಿದೆ. ಒಳಗಿರುವ ಅಂಗಾಂಗಗಳೆಲ್ಲ, ಅವನ್ನು ನಡೆಸುವ ಡ್ರೈವರುಗಳೆಲ್ಲ ಅಲ್ಲಿ ಸಾಲಾಗಿ ಇರುತ್ತವೆ. ಯಾವುದನ್ನು ಬೇಕಾದರೂ ಡಿಸೇಬಲ್ ಮಾಡಬಹುದು, ಎಂದರೆ ಸ್ವಲ್ಪ ದಿನ ಸುಮ್ಮನೆ ಕೂರು ಎನ್ನಬಹುದು. ಅಧಿಕಾರ ಕೈಗೆ ಬಂದ ಸಂತೋಷದಲ್ಲಿ ಶುರು ಮಾಡಿದೆ.

ಕ್ಯಾಮೆರಾವನ್ನು ಕೂರಿಸಿದೆ. ಚಟಪಟ ನಿಲ್ಲಲಿಲ್ಲ. ಬ್ಲೂಟೂತನ್ನು ಕೂರಿಸಿದೆ, ವೈಫೈಯನ್ನು ಕೂರಿಸಿದೆ. ನಿಲ್ಲಲಿಲ್ಲ. ಬೆರಳಾಡಿಸುವ ಚೌಕವನ್ನು ಕೂರಿಸಿದೆ, ಬಾಣದ ಗುರುತು ನಿಂತಲ್ಲೇ ನಿಂತು, ಮತ್ತೆ ಎಬ್ಬಿಸುವುದು ಹೇಗೆಂದು ತಿಳಿಯದೆ ಶಾಲೆಯ ಕಂಪ್ಯೂಟರಿನ ಮೌಸನ್ನು ತರಬೇಕಾಯಿತು. ಅದಾದ ಮೇಲೆ ಒಂದನ್ನು ಕೂರಿಸಿದ ಕೂಡಲೇ ಚಟಪಟ ಸಂಪೂರ್ಣ ನಿಂತುಹೋಯಿತು. ಒಂದು ಚೂರೂ ಇಲ್ಲ! ನಾನು ಅಂಗಳಕ್ಕೆ ಓಡಿ ಹೋಗಿ, ಮೆಣಸು ಹರವುತ್ತಿದ್ದ ಯಜಮಾನರನ್ನು ಕೈ ಹಿಡಿದು ಎಳೆದುಕೊಂಡು ಬಂದೆ. ಅವರು ಕಿವಿಗೊಟ್ಟು ಕೇಳಿ, ಸದ್ದೇನೋ ಹೋಗಿದೆ, ಅಮ್ಮನ ಪದ ಎಲ್ಲಿ ಎಂದರು. ನಾನು ಕೂರಿಸಿದ್ದು ಸೌಂಡ್ ಕಾರ್ಡನ್ನೇ. ಅವರು ಏನೂ ಹೇಳದೆ ಮೆಣಸಿನ ಕಡೆಗೆ ಹೋದರು. ಹೇಳಿದ್ದರೆ ಚೆನ್ನಾಗಿತ್ತು, ಜಗಳವಾದರೂ ಆಡಬಹುದಿತ್ತು.

ಇನ್ನು ಉಳಿದದ್ದು ಬ್ಯಾಟರಿ. ದೂರದ ಯಾವುದೋ ದೇಶದ ಗಿಟಾರು ಬಾರಿಸುವವನೊಬ್ಬ ಒಂದು ಚರ್ಚೆಯ ಕೊನೆಯಲ್ಲಿ, ನನ್ನದು ಬ್ಯಾಟರಿಯಿಂದ ಸರಿಹೋಯಿತು ಎಂದಷ್ಟೇ ಬರೆದಿದ್ದ. ಬ್ಯಾಟರಿಗೂ ಸೋಬಾನೆಗೂ ಏನು ಸಂಬಂಧ ಎಂದು ಆವರೆಗೆ ಅದನ್ನು ಮುಟ್ಟಿರಲಿಲ್ಲ. ಬೇರೆ ದಾರಿಯಿಲ್ಲದೆ ಅದನ್ನೂ ಕೂರಿಸಿದೆ. ಈ ಸಲ ನಾನು ಓಡಲಿಲ್ಲ. ಮೊದಲು ಪದ ಬರುತ್ತಿದೆಯೇ ಎಂದು ನೋಡಿದೆ. ಬರುತ್ತಿತ್ತು. ಚಟಪಟ ಬರುತ್ತಿರಲಿಲ್ಲ. ಬಿಂದಿಗೆಯನ್ನು ಚಿಕ್ಕದು ಮಾಡಿದೆ, ಇನ್ನೂ ಚಿಕ್ಕದು ಮಾಡಿದೆ, ಆದರೂ ಬರಲಿಲ್ಲ. 'ಹಲೋ' ಎಂದೆ, ನನ್ನ ದನಿ ನನ್ನ ಜೊತೆಯಲ್ಲೇ ಬಂತು. ಕೈಯೆತ್ತಿ ಒಂದು ಸುತ್ತು ತಿರುಗಿದೆ. ಹಬ್ಬದ ದಿನ ಕೂಡ ನಾನು ಹಾಗೆ ಕುಣಿದವಳಲ್ಲ.

ಕಾರಣ ಆಮೇಲೆ ಓದಿ ತಿಳಿದುಕೊಂಡೆ. ಎಷ್ಟು ಚಾರ್ಜಿದೆ, ಎಷ್ಟು ಚಾರ್ಜಿದೆ ಎಂದು ಕಂಪ್ಯೂಟರು ಆಗಾಗ ಬ್ಯಾಟರಿಯನ್ನು ಕೇಳುತ್ತಲೇ ಇರುತ್ತದೆ. ನನ್ನ ಲ್ಯಾಪ್‌ಟಾಪಿನಂಥ ಕೆಲವುಗಳಲ್ಲಿ ಬ್ಯಾಟರಿ ಉತ್ತರ ಹೇಳುವುದು ನಿಧಾನ. ಅದು ಹೇಳಿ ಮುಗಿಸುವವರೆಗೆ ದನಿಯೂ ಸೇರಿ ಎಲ್ಲರೂ ಕೈಕಟ್ಟಿ ನಿಲ್ಲಬೇಕು. ನಮ್ಮ ಶಾಲೆಯಲ್ಲಿ ನಾನು ಪ್ರಮೇಯದ ನಟ್ಟನಡುವೆ ಇರುವಾಗ ಬಿಸಿಯೂಟಕ್ಕೆ ಎಷ್ಟು ತಲೆ ಎಂದು ಎಣಿಸಲು ಬರುತ್ತಾರಲ್ಲ, ಹಾಗೆಯೇ ಇದು. ಎಣಿಸಿ ಹೋಗುವಷ್ಟರಲ್ಲಿ ತ್ರಿಕೋನದ ಒಂದು ಮೂಲೆ ಎಲ್ಲಿಗೋ ಹೋಗಿರುತ್ತದೆ. ಕಾರಣ ತಿಳಿದ ಮೇಲೆ ಕಂಪ್ಯೂಟರಿನ ಮೇಲೆ ಒಂದು ರೀತಿಯ ಸಹೋದ್ಯೋಗಿಯ ಮಮತೆ ಹುಟ್ಟಿತು. ಹೀಗೆ ಮಾಡಿದ್ದರಿಂದ ಒಂದೇ ನಷ್ಟ. ಪರದೆಯ ಮೂಲೆಯಲ್ಲಿ ಚಾರ್ಜು ಎಷ್ಟಿದೆ ಎಂದು ತೋರಿಸುವ ಗುರುತು ಮಾಯವಾಯಿತು. ಬ್ಯಾಟರಿ ಕೆಲಸ ಮಾಡುತ್ತದೆ, ಆದರೆ ಎಷ್ಟು ಉಳಿದಿದೆ ಎಂದು ಹೇಳುವುದಿಲ್ಲ. ವೈರು ಚುಚ್ಚಿಕೊಂಡೇ ಇದ್ದರಾಯಿತು ಎಂದುಕೊಂಡೆ. ಯಜಮಾನರಿಗೆ ಮಾತ್ರ ಧೈರ್ಯ ಬರಲಿಲ್ಲ. "ಹಂಗೆಲ್ಲ ಬ್ಯಾಟ್ರಿ ಬಂದ್ ಮಾಡ್ಬುಟ್ರೆ ಉಬ್ಕಂಡು ಸಿಡೀತದೆ ಕಣೇ" ಎಂದು, ಪಕ್ಕದಲ್ಲಿದ್ದ ಮೆಣಸಿನ ಮೂಟೆಯನ್ನು ದೂರಕ್ಕೆ ಎಳೆದಿಟ್ಟರು. ನನ್ನನ್ನು ಎಳೆಯಲಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಗೆದ್ದ ಸಂಭ್ರಮದಲ್ಲಿ ಅತ್ತೆಯನ್ನು ಕರೆದು ಹೆಡ್‌ಫೋನು ಹಾಕಿದೆ. ಅವರು ಒಂದು ಸಾಲು ಹೇಳಿ ನಿಂತರು. ಕಾದರು. ಮತ್ತೊಂದು ಸಾಲು ಹೇಳಿದರು, ಮತ್ತೆ ಕಾದರು. ಹೆಡ್‌ಫೋನು ತೆಗೆದು ಅದರ ಒಳಗೆ ಇಣುಕಿ ನೋಡಿ, "ಅವ್ಳೆಲ್ಲಿ ಹೋದ್ಲವ್ವ?" ಎಂದರು. ಯಾರು ಎಂದೆ. "ಹಿಂದ್ಲಿಂದ ಹೇಳ್ತಿದ್ಲಲ್ಲ, ಅವ್ಳು. ತಾಯಮ್ಮನಂಗೇ ಬಾಲ ಹಿಡ್ಕಂಡು ಎಳೀತಿದ್ಲು. ಯಾಕ್ ಕಳಿಸ್ಬುಟ್ಟೆ?"

ನನಗೆ ಮೊದಲು ಬಂದದ್ದು ಸಿಟ್ಟು. ರಜೆಯನ್ನೆಲ್ಲ ಸುರಿದು ಹೊರಗಟ್ಟಿದ್ದ ತಡವನ್ನು ಈಕೆ ಮರಳಿ ಕೇಳುತ್ತಿದ್ದಾರಲ್ಲ! ಆದರೆ ಅತ್ತೆಯ ಮುಖ ನೋಡಿದ ಮೇಲೆ ಸಿಟ್ಟು ನಿಲ್ಲಲಿಲ್ಲ. ಅಂದು ಮಧ್ಯಾಹ್ನವಿಡೀ ಅವರು ಕಣ್ಣು ಮುಚ್ಚಿ ಹಾಡಿದ್ದು ಸೊಸೆಯ ಮೇಲಿನ ಕರುಣೆಯಿಂದಲ್ಲ. ಅವರ ಸಾಲಿನ ಕೊನೆ ಸ್ವಲ್ಪ ಹಿಂದಿನಿಂದ ಬಂದು ಮುಗಿಯುವವರೆಗೆ ಅವರು ಉಸಿರು ಎಳೆದುಕೊಳ್ಳುತ್ತಿದ್ದರು. ನನಗೆ ಅಣಕದ ಹಾಗೆ ಕೇಳಿದ್ದು ಅವರಿಗೆ ಜೊತೆಗಾತಿಯ ಹಾಗೆ ಕೇಳಿತ್ತು. ಅದು ತಮ್ಮದೇ ದನಿ ಎಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಸೊಲ್ಲು ಹಿಡಿಯುವ ದನಿ ಯಾರದಾದರೇನು, ಸರಿಯಾದ ಹೊತ್ತಿಗೆ ಹಿಂದಿನಿಂದ ಬಂದರೆ ಸಾಕು. ನನಗೆ ನಾಚಿಕೆಯೂ ಆಯಿತು, ಅಳುವೂ ಬಂತು, ಎರಡೂ ಮುಗಿಯುವ ಮೊದಲೇ ಉಪಾಯವೂ ಹೊಳೆಯಿತು.

ಚಟಪಟ ಹೋದ ಮೇಲೆ ಯಂತ್ರ ನನ್ನ ಮಾತು ಕೇಳುತ್ತಿತ್ತು. ಈಗ ತಡ ಅದರ ಇಷ್ಟವಲ್ಲ, ನನ್ನ ಇಷ್ಟ. ಅತ್ತೆಯ ಒಂದು ಸಾಲಿಗೆ ಎಷ್ಟು ಹೊತ್ತು ಹಿಡಿಯುತ್ತದೋ ಸರಿಯಾಗಿ ಅಷ್ಟೇ ತಡವನ್ನು ಅಳೆದು ಹಾಕಿದೆ. ಅವರು ಹಾಡುವಾಗ ಅದು ಸುಮ್ಮನಿರುತ್ತದೆ, ಅವರು ನಿಲ್ಲಿಸಿದ ಕೂಡಲೇ ಅದೇ ಸಾಲನ್ನು ಹಿಂದಿನಿಂದ ಪೂರ್ತಿ ಹೇಳುತ್ತದೆ. ಗುಂಪು ಅತ್ತೆಯರ ಯೋಜನೆಯನ್ನು ಕೈಬಿಟ್ಟೆ, ಒಬ್ಬರೇ ಇಬ್ಬರಾದರೆ ಸಾಕಾಯಿತು. ಅತ್ತೆ ಒಂದು ಪದ ಮುಗಿಸಿ, "ಇವ್ಳು ತಾಯಮ್ಮನ್ಗಿಂತ ವಾಸಿ, ಎಲೆ ಅಡ್ಕೆ ಹಾಕಾಕಿಲ್ಲ" ಎಂದರು. ಹೇಳಿ ಮುಖವನ್ನು ಆ ಕಡೆ ತಿರುಗಿಸಿಕೊಂಡರು. ಮರುದಿನದಿಂದ ನಮ್ಮ ಮನೆಯಲ್ಲಿ ಬೆಳಗಾದರೆ ಪದ. ತಡವನ್ನು ಕಂಡರಾಗದ ನಾನು, ಅಳೆದು ಸುರಿದು ತಡ ಮಾಡಿಸುವುದರಲ್ಲಿ ಮುಳುಗಿಹೋಗಿದ್ದೆ.

ಮದುವೆಯ ದಿನ ಧಾರೆ ಮುಗಿದು ಆರತಿಗೆ ಹೊತ್ತಾಯಿತು. ವೇದಿಕೆಯ ಪಕ್ಕದಲ್ಲಿ ಅತ್ತೆ ಮೈಕನ್ನು ಬಾಯಿಗೆ ಹತ್ತಿರ ಹಿಡಿದು ಕುಳಿತರು. ಸ್ಪೀಕರನ್ನು ದೂರ ಇರಿಸಿ, ನಾನು ಲ್ಯಾಪ್‌ಟಾಪಿನ ಮುಂದೆ ವಿಮಾನ ನಡೆಸುವವಳಂತೆ ನಿಂತೆ. ಅತ್ತೆ ಸೊಲ್ಲೆತ್ತಿದರು, ಲ್ಯಾಪ್‌ಟಾಪು ಹಿಡಿಯಿತು. ಮಂಟಪದಲ್ಲಿ ಗಿಜಿಗಿಜಿ ಎನ್ನುತ್ತಿದ್ದವರು ತಿರುಗಿ ನೋಡಿದರು. ಹಸೆಮಣೆಯ ಮೇಲಿದ್ದ ರಮ್ಯಾ ಅಜ್ಜಿಯನ್ನು ನೋಡಿ ನಗುತ್ತ ಅಳತೊಡಗಿದಳು. ಮೊದಲ ಪದ ಮುಗಿಯುವ ಹೊತ್ತಿಗೆ ಮುಂದಿನ ಸಾಲಿನ ವಯಸ್ಸಾದ ಹೆಂಗಸರ ತುಟಿ ಅಲುಗುತ್ತಿತ್ತು. ಎರಡನೆಯ ಪದಕ್ಕೆ ಕೆಲವರು ಕುರ್ಚಿ ಎಳೆದುಕೊಂಡು ಅತ್ತೆಯ ಹತ್ತಿರ ಬಂದರು. ಎದುರಿಗೊಬ್ಬರು ಮುಂದಾಗಿ ಹೇಳುವವರಿದ್ದರೆ ಹಿಂದಿನಿಂದ ಹೇಳಲು ಯಾರಿಗೂ ನಾಚಿಕೆಯಾಗುವುದಿಲ್ಲ ಎಂದು ಕಾಣುತ್ತದೆ. ಆ ಮುಂದಾಳು ನನ್ನ ಲ್ಯಾಪ್‌ಟಾಪು. ನನಗೆ ಎದೆ ಉಬ್ಬಿ ರವಿಕೆ ಬಿಗಿಯಾಯಿತು.

ಕೊನೆಯ ಪದ ಶುರುವಾಯಿತು. ಅತ್ತೆ ಮೊದಲ ಸಾಲು ಹೇಳಿದರು. ನಾನು ಪರದೆ ನೋಡಿದೆ. ಕಪ್ಪಾಗಿತ್ತು. ವೈರಿನ ಜಾಡು ಹಿಡಿದು ನೋಡಿದರೆ, ವಿಡಿಯೋದವನು ಯಾವಾಗಲೋ ಅದನ್ನು ಕಿತ್ತು ತನ್ನ ದೀಪ ಚುಚ್ಚಿಕೊಂಡಿದ್ದ. ಅಷ್ಟು ಹೊತ್ತೂ ನಡೆದದ್ದು ಬ್ಯಾಟರಿಯ ಮೇಲೆ. ಮುಗಿಯುತ್ತಾ ಬಂತು ಎಂದು ಎಚ್ಚರಿಸಬೇಕಾದವನನ್ನು ನಾನೇ ಬಾಯಿ ಮುಚ್ಚಿಸಿ ಕೂರಿಸಿದ್ದೆ. ಇಡೀ ಮಂಟಪದ ಮುಂದೆ ಅತ್ತೆ ಒಂಟಿಯಾಗಿ ಉಸಿರುಗಟ್ಟಿ ನಿಂತುಬಿಡುತ್ತಾರೆ ಎಂದು ಕಣ್ಣು ಮುಚ್ಚಿಕೊಂಡೆ. ಸೊಲ್ಲು ಮಾತ್ರ ತಪ್ಪದೆ ಬಂತು. ಸುತ್ತ ಕುಳಿತಿದ್ದ ಹೆಂಗಸರೆಲ್ಲ ಒಂದೇ ದನಿಯಲ್ಲಿ, ಸರಿಯಾದ ಹೊತ್ತಿಗೆ, ಪೂರ್ತಿ ಸಾಲು ಹೇಳಿದರು. ಅತ್ತೆ ಉಸಿರು ಎಳೆದುಕೊಂಡು ಮುಂದಿನ ಸಾಲಿಗೆ ಹೋದರು. ನಾನು ಸತ್ತ ಲ್ಯಾಪ್‌ಟಾಪಿನ ಮುಂದೆ ಬಗ್ಗಿ, ಗಂಭೀರವಾಗಿ ಒಂದೊಂದು ಗುಂಡಿ ಒತ್ತುತ್ತ ನಿಂತೆ. ಮದುವೆಯ ವಿಡಿಯೋದಲ್ಲಿ ಆ ದೃಶ್ಯ ಬಹಳ ಚೆನ್ನಾಗಿ ಬಂದಿದೆ.

ಪದ ಮುಗಿಯುತ್ತಲೇ ಕೆಳಗಿನ ಊಟದ ಹಾಲಿನಿಂದ ಹುಡುಗನ ಸೋದರಮಾವ ಮೇಲೆ ಬಂದರು. ಮಾರನಹಳ್ಳಿಯವರು, ಅವರ ಮಗಳಿಗೂ ಮದುವೆ ಗೊತ್ತಾಗಿದೆಯಂತೆ. "ಟೀಚರಮ್ಮ, ಕೊನೇ ಪದುಕ್ಕೆ ಅದೇನ್ ಮಾಡುದ್ರಿ? ಒಂದ್ ಗುಂಪೇ ನಿಂತು ಹೇಳ್ದಂಗಿತ್ತು ಕಣ್ರೀ. ನಮ್ಮ ಮದ್ವೆಗೂ ಆ ಪೆಟ್ಗೆ ತತ್ತೀರಾ?" ಎಂದು ಕೇಳಿದರು. ಸುಳ್ಳು ಹೇಳಬಾರದೆಂದು ಮಕ್ಕಳಿಗೆ ದಿನವೂ ಹೇಳುವವಳು ನಾನು. ಸೆಟ್ಟಿಂಗ್ ಸ್ವಲ್ಪ ಬದಲಾಯಿಸಿದೆ ಎಂದುಬಿಟ್ಟೆ. ಅವರು ಕೈಮುಗಿದು ಹೋದ ಮೇಲೆ ಅತ್ತೆ ನನ್ನ ಕಿವಿಯ ಹತ್ತಿರ ಬಾಗಿದರು. "ನಿನ್ ಪೆಟ್ಗೆ ಕಣ್ಮುಚ್ಚಿದ್ದು ನಂಗೊತ್ತಾತು. ಯಾರ್ಗೂ ಹೇಳ್ಬ್ಯಾಡ. ಅದೈತೆ ಅಂದ್ರೇನೇ ಕರೆಯೋದು."

ಮಾರನಹಳ್ಳಿಯ ಮದುವೆಗೆ ಒಪ್ಪಿಕೊಂಡಿದ್ದೇವೆ. ಅತ್ತೆ ಹೊಸ ಸೀರೆ ತೆಗೆದಿಟ್ಟಿದ್ದಾರೆ. ಅಲ್ಲಿಯೂ ಲ್ಯಾಪ್‌ಟಾಪು ಮೊದಲೆರಡು ಪದಗಳನ್ನು ಚೆನ್ನಾಗಿ ಹೇಳಿಕೊಟ್ಟು, ಕೊನೆಯ ಪದಕ್ಕೆ ಸರಿಯಾಗಿ ಸಾಯಬೇಕು. ಅದು ಯಾವಾಗ ಸಾಯುತ್ತದೆಂದು ಲೆಕ್ಕ ಹಾಕಲು ಗಣಿತದ ಮೇಷ್ಟರಮ್ಮ ದಿನಾ ಬೆಳಿಗ್ಗೆ ಗಡಿಯಾರ ಹಿಡಿದು ಅದರ ಮುಂದೆ ಕೂರುತ್ತಾಳೆ, ಮತ್ತು ಅದು ಸಾಯುವುದು ಎಷ್ಟು ತಡ ಎಂದು ಬೈಯುತ್ತಾಳೆ.